ಸ್ಕ್ಯಾನರಿನ ಹಣೆಗೆ ಕುಂಕುಮ

ಆ ವರ್ಷಗಳಲ್ಲಿ ನನಗೆ ಎರಡು ಧರ್ಮಗಳಿದ್ದವು. ಒಂದು ಮನೆಯಿಂದ ಬಂದದ್ದು, ಇನ್ನೊಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಬಂದದ್ದು. ಮನೆಯ ಧರ್ಮದ ಬಗ್ಗೆ ನಾನು ಯಾರ ಹತ್ತಿರವೂ ವಾದ ಮಾಡಿದವನಲ್ಲ. ಸಿ.ಡಿ.ಯದ್ದರ ಬಗ್ಗೆ ಮಾತ್ರ ಹೊಸೂರಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕಂಪನಿ ಬಸ್ಸಿನಲ್ಲಿ, ಕೊನೆಗೆ ಕ್ಷೌರದಂಗಡಿಯಲ್ಲಿ ಕತ್ತು ಒಪ್ಪಿಸಿ ಕೂತಾಗಲೂ ಉಪದೇಶ ಮಾಡುತ್ತಿದ್ದೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಈ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ, ಲೋಕದ ಜನರೆಲ್ಲ ಸೇರಿ ಬರೆದದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ಹೇಳುವಾಗ ನನ್ನ ದನಿ ತಾನಾಗಿ ನಡುಗುತ್ತಿತ್ತು. ನಾನು ಅದರಲ್ಲಿ ಒಂದು ಸಾಲನ್ನೂ ಬರೆದವನಲ್ಲ, ಬಿಚ್ಚಿ ನೋಡಿದವನೂ ಅಲ್ಲ. ಬಿಚ್ಚಬಹುದು ಎಂಬ ಮಾತೇ ನನಗೆ ಸಾಕಾಗಿತ್ತು.

ನಾವು ತುಮಕೂರಿನ ಕಡೆಯಿಂದ ಗಡಿ ದಾಟಿ ಬಂದು ಹೊಸೂರಿನ ಆಲಸನತ್ತಂನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನನಗೆ ಕೆಲಸ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಬೇರೆಯವರು ಬೆವರು ಸುರಿಸಿ ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಉದ್ಯೋಗ. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವನಿಗೆ ತನ್ನ ತಪ್ಪು ಕಾಣುವುದು ಕಷ್ಟ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ಸ್ಕ್ಯಾನರ್ ಕೊಂಡದ್ದು ಅಗತ್ಯವಿತ್ತೆಂದಲ್ಲ. ಬೆಂಗಳೂರಿನ ಅಂಗಡಿಯವನು ‘ಸಾರ್, ನಿಮ್ಮ ಲಿನಕ್ಸ್‌ನಲ್ಲಿ ಇದು ಓಡಲ್ಲ, ಬೇಡ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಧರ್ಮನಿಂದೆ ಕೇಳಿಸಿತು. ‘ಹೇಗೆ ಓಡಲ್ಲ, ನೋಡೇಬಿಡ್ತೀನಿ’ ಎಂದು ಆ ಚಪ್ಪಟೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸೂರು ಬಸ್ಸಿನಲ್ಲಿ ಕೂತೆ. ಅತ್ತಿಬೆಲೆ ಬರುವಷ್ಟರಲ್ಲಿ ಪಕ್ಕದ ಸೀಟಿನವರಿಗೆ ಸ್ವಾತಂತ್ರ್ಯದ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿದ್ದೆ. ಅವರು ಇಳಿಯಬೇಕಾದ ಜಾಗಕ್ಕಿಂತ ಮೊದಲೇ ಇಳಿದುಹೋದರು ಎಂಬ ಅನುಮಾನ ನನಗೆ ಈಗಲೂ ಇದೆ.

ಅದು ಓಡಲಿಲ್ಲ. ತಂತಿ ಸಿಕ್ಕಿಸಿದರೆ ಒಳಗಿನ ದೀಪ ಒಮ್ಮೆ ಕಣ್ಣು ಬಿಟ್ಟು ಮುಚ್ಚಿಕೊಳ್ಳುತ್ತಿತ್ತು, ಅಷ್ಟೆ. ಬಸ್ ನಿಲ್ದಾಣದ ಪಕ್ಕದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದಾಗ, ಈ ಯಂತ್ರ ಎಚ್ಚರವಾಗಬೇಕಾದರೆ ಒಂದು ಪುಟ್ಟ ಫೈಲು ಬೇಕು, ಆ ಫೈಲು ಕಂಪನಿಯವರು ಕೊಟ್ಟ ಸಿ.ಡಿ.ಯೊಳಗೆ, ನಾನು ಶಪಥ ಮಾಡಿ ಬಿಟ್ಟುಬಂದ ದುಡ್ಡು ಕೊಟ್ಟು ಕೊಳ್ಳುವ ಆ ಇನ್ನೊಂದು ತಂತ್ರಾಂಶದ ಸಾಮಾನುಗಳ ನಡುವೆ ಇದೆ ಎಂದು ತಿಳಿಯಿತು. ಜಗಳವಾಡಿ ಬಿಟ್ಟ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಉಪ್ಪು ತಂದ ಹಾಗೆ ಅದನ್ನು ತಂದೆ. ಆಮೇಲೆ ಇನ್ನೊಂದು ತಕರಾರು. ಮಾಮೂಲಿ ಹೆಸರಿನಲ್ಲಿ ಹೋಗಿ ಕೇಳಿದರೆ ಕಂಪ್ಯೂಟರು ‘ಸ್ಕ್ಯಾನರ್ ಇಲ್ಲ’ ಎನ್ನುತ್ತಿತ್ತು. ಯಜಮಾನನ ಪಾಸ್‌ವರ್ಡ್ ಕೊಟ್ಟು ಕೇಳಿದರೆ ಇದೆ ಎನ್ನುತ್ತಿತ್ತು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತಿರುವವರನ್ನು ಒಲಿಸಿಕೊಳ್ಳುವ ಸಹನೆಯಿಂದ ಅದನ್ನೂ ಸರಿಮಾಡಿದೆ. ಕೊನೆಗೊಂದು ಭಾನುವಾರ ದೀಪ ಗಾಜಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿದು ನನ್ನ ಅಂಗೈಯ ಚಿತ್ರ ಪರದೆಯ ಮೇಲೆ ಬಂತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ಪರದೆ ನೋಡಿದಳು, ನನ್ನ ಕೈ ನೋಡಿದಳು, ‘ಕೈ ಇಲ್ಲೇ ಇದೆಯಲ್ಲ’ ಎಂದು ಒಗ್ಗರಣೆಗೆ ವಾಪಸಾದಳು.

ಅದೇ ವಾರ ಆಯುಧಪೂಜೆ. ಹೊಸೂರಿನಲ್ಲಿ ಅದು ಮನೆಮನೆಯ ಹಬ್ಬವಾಗುವುದಕ್ಕಿಂತ ಮೊದಲು ಕಾರ್ಖಾನೆಯ ಹಬ್ಬ. ಅಂದು ಲೇತ್ ಯಂತ್ರಗಳಿಂದ ಹಿಡಿದು ಸ್ಟೂಲಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ನಮ್ಮ ವಿಭಾಗದಲ್ಲಿ ಎರಡು ನಿಯಮಗಳಿದ್ದವು. ಕುಂಕುಮವನ್ನು ಮುಚ್ಚಳಕ್ಕೋ ಡಬ್ಬಕ್ಕೋ ಅಲ್ಲ, ಉಪಕರಣಕ್ಕೇ ಇಡಬೇಕು. ಆದರೆ ಅಳೆಯುವ ಮುಖಕ್ಕೆ ತಾಗಿಸಬಾರದು, ತಾಗಿಸಿದರೆ ಅಳತೆ ಕೆಡುತ್ತದೆ. ಈ ಎರಡನೆಯದನ್ನು ವರ್ಷ ವರ್ಷವೂ ಎಲ್ಲರಿಗೂ ಬೆರಳು ತೋರಿಸಿ ಹೇಳುವವನು ನಾನೇ. ಇನ್ನೊಂದು ಸಂಗತಿ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತು. ಇಟ್ಟ ಕುಂಕುಮವನ್ನು ಒರೆಸುವ ಹಾಗಿಲ್ಲ. ಕೆಲಸ ಮಾಡುತ್ತ ಮಾಡುತ್ತ ಅದು ತಾನಾಗಿ ಉದುರಬೇಕು.

ಮನೆಯಲ್ಲಿ ಸ್ಕ್ಯಾನರಿಗೆ ಪೂಜೆ ಮಾಡುವಾಗ ಈ ನಿಯಮಗಳನ್ನು ಶ್ರದ್ಧೆಯಿಂದ ಪಾಲಿಸಿದೆ. ಮುಚ್ಚಳ ಎತ್ತಿದೆ. ಗಾಜಿನ ನಡುಭಾಗ ಅಳೆಯುವ ಮುಖ, ಅಲ್ಲಿ ಬೇಡ. ದೀಪ ಹೊರಡುವ ತುದಿಯಲ್ಲಿ, ಗಾಜು ಮುಗಿದು ಪ್ಲಾಸ್ಟಿಕ್ಕಿನ ಅಂಚು ಸೇರುವ ಕಡೆ, ಒಂದು ಸಣ್ಣ ಬಿಳಿ ಪಟ್ಟಿ ಇಣುಕುತ್ತಿತ್ತು. ಅಲ್ಲಿ ಯಾವ ಕಾಗದವೂ ಕೂರುವುದಿಲ್ಲ. ಯಂತ್ರಕ್ಕೆ ಹಣೆ ಅಂತ ಇದ್ದರೆ ಇದೇ ಎಂದು ತೀರ್ಮಾನಿಸಿ, ಸರಿಯಾಗಿ ಮಧ್ಯಕ್ಕೆ, ನೀರಲ್ಲಿ ಕಲಸಿದ ಕುಂಕುಮವನ್ನು ಬೆರಳ ತುಂಬ ತೆಗೆದು ಒತ್ತಿದೆ. ಪಟ್ಟಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿದೆ ಎಂದು ಹಿಂದೆ ಸರಿದು ನೋಡಿದ್ದೂ ನೆನಪಿದೆ.

ಮಂಗಳಾರತಿಗೆ ಕೆಳಗಿನ ಮನೆಯ ಒಡತಿ ಬಂದಿದ್ದರು. ಆಲಸನತ್ತಂ ಬರೀ ಹೊಲವಾಗಿದ್ದ ಕಾಲದಲ್ಲಿ ಸೊಸೆಯಾಗಿ ಬಂದವರು. ಹೊಲವೆಲ್ಲ ಸೈಟುಗಳಾದ ಮೇಲೂ ಕಾಂಪೌಂಡಿನ ಹಿಂದೆ ಎರಡು ಹಸು ಕಟ್ಟಿಕೊಂಡಿದ್ದರು. ಹಸುಗಳ ಜೊತೆ ಕನ್ನಡ, ನಗರಸಭೆಯವರ ಜೊತೆ ತಮಿಳು, ಸೊಪ್ಪಿನವಳ ಜೊತೆ ತೆಲುಗು ಮಾತಾಡುತ್ತಿದ್ದರು. ಅವರು ಸ್ಕ್ಯಾನರನ್ನು ನೋಡಿ ಕೇಳಿದರು: ‘ಏನಪ್ಪಾ ಇದು, ಚಪಾತಿ ಸುಡೋದಾ?’

‘ಅಲ್ಲಮ್ಮ, ಇದರ ಮೇಲೆ ಫೋಟೋ ಇಟ್ಟರೆ ಹಾಗೇ ಇನ್ನೊಂದು ತೆಗೆಯುತ್ತೆ.’

‘ಫ್ರೇಮು ಬಿಚ್ದಂಗೆ ತೆಗೀತದಾ?’

‘ಬಿಚ್ಚೋದೇ ಬೇಡ’ ಎಂದೆ. ಜಂಬ ಕೊಚ್ಚುವಾಗ ನಾನು ಯಾವತ್ತೂ ಯೋಚನೆಗೆ ಸಮಯ ಕೊಟ್ಟವನಲ್ಲ.

ಅವರು ಕೆಳಗೆ ಹೋಗಿ, ಸೆರಗಿನಲ್ಲಿ ಸುತ್ತಿದ ಒಂದು ಹಳೆಯ ಮರದ ಚೌಕಟ್ಟನ್ನು ತಂದರು. ಕಪ್ಪುಬಿಳುಪಿನ ಫೋಟೋ. ಕುರ್ಚಿಯ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಲಂಗ ತೊಟ್ಟ ಒಬ್ಬ ಹುಡುಗಿ, ಹೆಂಗಸಿನ ಮಡಿಲಲ್ಲಿ ಸೆರಗು ಮುಚ್ಚಿದ ಒಂದು ಗಂಟು. ಹುಡುಗಿ ಇವರೇ. ಹೆಂಗಸು ಇವರ ತಾಯಿ. ಅಂಚೆಟ್ಟಿ ದಾಟಿ ಕಾಡೊಳಗಿರುವ ನಾಟ್ರಾಂಪಾಳ್ಯ ಇವರ ತವರು. ಅಲ್ಲಿಗೆ ಒಮ್ಮೆ ಬಂದಿದ್ದ ಫೋಟೋದವನು ತೆಗೆದದ್ದು. ತಾಯಿಯದ್ದು ಇರುವುದು ಇದೊಂದೇ ಚಿತ್ರ. ತೇವ ಹಿಡಿದು ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಮೂಲೆಯಿಂದ ಹೊರಟ ಬೂಷ್ಟು ತಾಯಿಯ ಮುಖದ ಹತ್ತಿರ ಬಂದಿತ್ತು.

‘ಸ್ಟುಡಿಯೋದೋನು ಬಿಚ್ಬೇಕು ಅಂದ. ಬಿಚ್ಚುದ್ರೆ ನಮ್ಮವ್ವನ ಮುಖ ಗಾಜ್ಗೇ ಬಂದ್ಬುಡ್ತದೆ. ಬ್ಯಾಡ ಕಣಪ್ಪಾ ಅಂತ ಎತ್ಕಂಡ್ ಬಂದೆ’ ಎಂದರು. ‘ಸೂಳಗಿರೀಲಿ ನಮ್ಮ ತಂಗಿ ಮನೆ ಕಟ್ಟವ್ಳೆ. ಸಂಕ್ರಾಂತಿ ಕಳುದ್ರೆ ತೈ ತಿಂಗಳಾಗೆ ಮನೆ ವಕ್ಲು. ಅವ್ಳ ಗೋಡೇಗೆ ಅವ್ವನ ಒಂದು ಹಾಕ್ಬೇಕು ಅಂತ ನಂಗಾಸೆ. ಅವ್ಳು ಬ್ಯಾಡ ಅಂತಾಳೆ.’

ಯಾಕೆಂದರೆ ಮಡಿಲಲ್ಲಿದ್ದ ಆ ಗಂಟೇ ತಂಗಿ. ಎಳೆ ಮಗುವಿನ ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ತಾಯಿ ಅದನ್ನು ಪೂರ್ತಿ ಸೆರಗಿನೊಳಗೆ ಮುಚ್ಚಿ ಕೂತಿದ್ದರು. ಆಯಸ್ಸು ಕಡಿಮೆಯಾದದ್ದು ತಾಯಿಯದ್ದು. ಮಗು ನಡೆಯುವುದನ್ನು ಕಲಿಯುವ ಮೊದಲೇ ಹೋಗಿಬಿಟ್ಟರು. ಆ ಮಗು ಈಗ ಸೊಸೆ ತಂದ ಹೆಂಗಸು. ಆದರೂ ಈ ಫೋಟೋ ಕಂಡರೆ ಅವರಿಗೆ ಮುನಿಸು.

‘ನಿನ್ನ ಪಕ್ಕದಾಗೆ ನಿಲ್ಲಿಸ್ಕಂಡ್ಲು, ನನ್ನ ಮುಚ್ಚಾಕ್ಬುಟ್ಲು, ಅದ್ರಾಗೆ ನಾನೆಲ್ಲಿವ್ನಿ ಅಂತ ಕೇಳ್ತಾಳೆ. ನಾನೇನ್ ಹೇಳ್ಲಿ?’ ಒಡತಿ ಚೌಕಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದರು. ‘ಅವ್ವನ ಮುಖ ಉಳ್ಸಿಕೊಡಪ್ಪಾ. ಅಷ್ಟಾದ್ರೆ ಸಾಕು.’

ನಾನು ಭರವಸೆ ಕೊಟ್ಟೆ. ಚೌಕಟ್ಟು ಸ್ಕ್ಯಾನರಿನ ಗಾಜಿನ ಮೇಲೆ, ಸುತ್ತಲಿನ ಅಂಚಿನೊಳಗೆ, ಅಳತೆ ಕೊಟ್ಟು ಮಾಡಿಸಿದ ಹಾಗೆ ಬಿಗಿಯಾಗಿ ಕೂತಿತು. ಒಂದು ಎಳೆಯೂ ಅತ್ತಿತ್ತ ಸರಿಯದಷ್ಟು ಬಿಗಿ. ಇದು ದೈವಸಂಕಲ್ಪವೇ ಎಂದು ಹೆಂಡತಿಗೆ ಹೇಳಿದೆ. ಮುಚ್ಚಳ ಹಾಕಲು ಆಗದ್ದರಿಂದ ಮೇಲೆ ಕಪ್ಪು ಕಂಬಳಿ ಹೊದಿಸಿ ಗುಂಡಿ ಒತ್ತಿದೆ.

ಚಿತ್ರ ಬಂತು. ತಾಯಿ ಬಂದರು, ಹುಡುಗಿ ಬಂದಳು, ನಡುವೆ ಮೇಲಿಂದ ಕೆಳಕ್ಕೆ ಬೆರಳಗಲದ ಒಂದು ಹಸಿರು ಗೆರೆಯೂ ಬಂತು. ತಾಯಿಯ ಕಿವಿಯ ಪಕ್ಕದಲ್ಲಿ ಇಳಿದು, ಭುಜ ದಾಟಿ, ಮಡಿಲಿನ ಗಂಟನ್ನು ಸೀಳಿಕೊಂಡು ಹೋಗಿತ್ತು. ಚೌಕಟ್ಟನ್ನು ತಲೆಕೆಳಗಾಗಿಸಿ ಇಟ್ಟೆ. ಮಧ್ಯದ ಗೆರೆ ತಲೆಕೆಳಗಾದರೂ ಮಧ್ಯದಲ್ಲೇ ಇತ್ತು. ಅಡ್ಡಡ್ಡ ಇಡಲು ಅದು ಹಿಡಿಸುವುದಿಲ್ಲ.

ಆಮೇಲೆ ನಾನು ಅನುಮಾನಿಸದೆ ಬಿಟ್ಟವರಿಲ್ಲ. ಮೊದಲು ತಂತಿಯನ್ನು ಅನುಮಾನಿಸಿದೆ, ಬೇರೆ ತಂತಿ ತಂದೆ. ಆಮೇಲೆ ಹೊಸೂರಿನ ಕರೆಂಟನ್ನು. ಆಮೇಲೆ ಆ ಕದ್ದು ತಂದ ಫೈಲನ್ನು, ಅದು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂದು. ಗಾಜನ್ನು ಮಾತ್ರ ಅನುಮಾನಿಸಲಿಲ್ಲ. ಯಾಕೆಂದರೆ ಅದನ್ನು ದಿನಾ ನಾನೇ ಪಂಚೆಯ ಚೂರಿನಿಂದ ಒರೆಸುತ್ತಿದ್ದೆ. ಕುಂಕುಮದ ಹತ್ತಿರ ಬಂದಾಗ ಬಟ್ಟೆಯನ್ನು ಮಡಚಿ, ಅದಕ್ಕೆ ಒಂದಿಷ್ಟೂ ತಾಗದ ಹಾಗೆ, ಸುತ್ತಲೂ ಭಕ್ತಿಯಿಂದ ಬಳಸಿಕೊಂಡು ಹೋಗುತ್ತಿದ್ದೆ. ಕಾರ್ಖಾನೆಯಲ್ಲಿ ಇಷ್ಟು ಎಚ್ಚರದಿಂದ ಯಾವ ಬಿಡಿಭಾಗವನ್ನೂ ಮುಟ್ಟಿದವನಲ್ಲ.

ಕೊನೆಗೆ ಲಿನಕ್ಸ್‌ನ ಸ್ಕ್ಯಾನರ್ ಮಂದಿಯ ಇಮೇಲ್ ಗುಂಪಿಗೆ ಒಂದು ದೂರು ಬರೆದೆ. ನಾನು ತಪಾಸಣೆಯಲ್ಲಿ ಅನುಭವಿ, ತಪ್ಪು ನಿಮ್ಮ ತಂತ್ರಾಂಶದಲ್ಲೇ ಇದೆ, ಬೇಗ ತಿದ್ದಿ ಎಂಬ ಧಾಟಿ. ಯಾವುದೋ ದೇಶದ ಪುಣ್ಯಾತ್ಮರೊಬ್ಬರು ಸಂಬಳವಿಲ್ಲದೆ ನನಗಾಗಿ ಸಾಲುಸಾಲು ಕೋಡು ಬದಲಿಸಿ ಕಳಿಸಿದರು. ಹಾಕಿ ನೋಡಿದೆ. ಗೆರೆ ಹಾಗೇ ಇತ್ತು. ಇನ್ನೊಂದು ಕಳಿಸಿದರು. ಅದಕ್ಕೂ ಹಾಗೇ ಇತ್ತು. ಅವರು ಕ್ಷಮೆ ಕೇಳಿದರು, ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಇತ್ತ ಮಾರ್ಗಶಿರದ ಚಳಿ ಶುರುವಾಗಿತ್ತು. ಒಡತಿ ದಿನಾ ಹಾಲು ಕೊಡಲು ಬಂದಾಗ ಬಾಗಿಲಲ್ಲೇ ನಿಂತು ‘ಆಯ್ತಾಪ್ಪಾ ನಮ್ಮವ್ವ?’ ಎನ್ನುತ್ತಿದ್ದರು. ಬೂಷ್ಟು ತಾಯಿಯ ಗಲ್ಲ ಮುಟ್ಟಿತ್ತು. ನನಗೆ ಮುಖ ತೋರಿಸುವುದೇ ಕಷ್ಟವಾಗಿ, ಕೈಲಾಗದವರು ಮಾಡುವ ಕೆಲಸ ಮಾಡಿದೆ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಆ ಗೆರೆಯ ಮೇಲೆ ಪಕ್ಕದ ಸೀರೆಯ ತುಣುಕುಗಳನ್ನೇ ತೆಗೆತೆಗೆದು ಅಂಟಿಸಿದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಸೀರೆಗೆ ಸೀರೆ ಸೇರಿ, ಗೆರೆ ಇತ್ತೆಂಬ ಗುರುತೇ ಉಳಿಯಲಿಲ್ಲ. ಮುದ್ರಿಸಿ ತಂದು ಒಡತಿಯ ಕೈಗಿಟ್ಟು, ಹೊಗಳಿಕೆಗೆ ಕಾದು ನಿಂತೆ.

ಅವರು ಬೆಳಕಿಗೆ ಹಿಡಿದು ನೋಡಿದರು. ಚೌಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರು. ‘ಮುಖ ಚೆಂದಾಗಿ ಬಂದೈತೆ’ ಎಂದರು. ಆಮೇಲೆ ಮಡಿಲಿನ ಮೇಲೆ ಬೆರಳಿಟ್ಟು, ‘ಇಲ್ಲೊಂದು ಬೆಳ್ಳನೆ ಚುಕ್ಕೆ ಇತ್ತಲ್ಲ, ಎಲ್ಲೋಯ್ತು?’ ಎಂದರು.

ಫೋಟೋದಲ್ಲಿ ನಿಜವಾಗಿಯೂ ಅಲ್ಲಿ ಕಡಲೆಕಾಳಿನಷ್ಟು ಒಂದು ಬಿಳಿ ಚುಕ್ಕೆ ಇತ್ತು. ‘ಅದು ಧೂಳಮ್ಮ, ಇಲ್ಲಾಂದ್ರೆ ಬೂಷ್ಟು. ಅದನ್ನೂ ಚೊಕ್ಕ ಮಾಡಿಬಿಟ್ಟೆ’ ಎಂದು ಹೆಮ್ಮೆಯಿಂದ ಹೇಳಿದೆ.

‘ನಾ ಚಿಕ್ಕೋಳಾಗಿದ್ದಾಗ್ಲಿಂದ ಅದು ಅಲ್ಲೇ ಐತೆ. ಧೂಳೇ ಆಗ್ಲಿ, ನಮ್ಮವ್ವನ ಮಡ್ಲಾಗಿರೋ ಧೂಳು ನಮ್ದೇ ಅಲ್ವಾ? ಅದ್ನೂ ತಂದ್ಕೊಡು.’ ಅವರಿಗೆ ಕೋಪವೇನೂ ಇರಲಿಲ್ಲ. ಮುದ್ರಿಸಿದ್ದನ್ನು ನನ್ನ ಕೈಗೆ ವಾಪಸು ಕೊಟ್ಟು ಹಸು ಕಟ್ಟಲು ಹೋದರು. ನಾನು ಮೆಟ್ಟಿಲ ಮೇಲೆ ಪೆಚ್ಚುಮೋರೆ ಹಾಕಿಕೊಂಡು ನಿಂತೆ.

ಮರುದಿನ ಇಮೇಲ್ ಗುಂಪಿನ ಆ ಪುಣ್ಯಾತ್ಮರಿಂದ ಒಂದು ಪ್ರಶ್ನೆ ಬಂದಿತ್ತು. ದೀಪ ಹೊರಡುವ ತುದಿಯಲ್ಲಿ, ಗಾಜಿನ ಅಂಚಿನಲ್ಲಿ, ಏನಾದರೂ ಕೊಳೆ ಇದೆಯೇ? ನನಗೆ ರೇಗಿತು. ‘ಏನೂ ಇಲ್ಲ. ಗಾಜನ್ನು ದಿನಾ ಒರೆಸುತ್ತೇನೆ. ಕುಂಕುಮ ಬಿಟ್ಟರೆ ಬೇರೇನೂ ಇಲ್ಲ’ ಎಂದು ಬರೆದೆ. ಕುಂಕುಮ ಎಂದರೇನು ಎಂದು ಕೇಳಿದರು. ಇಂಥ ಪ್ರಶ್ನೆಗೆ ಉತ್ತರಿಸುವ ಅವಕಾಶಕ್ಕೆ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಆಯುಧಪೂಜೆಯ ಮಹತ್ವ, ದುಡಿಯುವ ಉಪಕರಣವನ್ನು ಗೌರವಿಸುವ ನಮ್ಮ ರೀತಿ, ಯಂತ್ರದ ಹಣೆಯನ್ನು ನಾನು ಗುರುತಿಸಿದ ಬಗೆ, ಎಲ್ಲವನ್ನೂ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಉದ್ದಕ್ಕೆ ಬರೆದೆ.

ಉತ್ತರ ಚುಟುಕಾಗಿತ್ತು. ನಿಮ್ಮ ಹಬ್ಬದ ಬಗ್ಗೆ ತಿಳಿದು ಸಂತೋಷವಾಯಿತು. ಆ ಬಿಳಿ ಪಟ್ಟಿಯನ್ನು ನೋಡಿಯೇ ಯಂತ್ರವು ಬಿಳುಪೆಂದರೆ ಏನೆಂದು ಕಲಿಯುವುದು. ನೀವು ಕೆಂಪಿಟ್ಟ ಜಾಗದಲ್ಲಿ ಅದು ಕೆಂಪನ್ನೇ ಬಿಳುಪು ಎಂದು ತಿಳಿದು, ಆ ಸಾಲಿನುದ್ದಕ್ಕೂ ಇಲ್ಲದ ಹಸಿರನ್ನು ತುಂಬುತ್ತಿದೆ. ದಯವಿಟ್ಟು ಒರೆಸಿ ನೋಡಿ.

ಅಂದರೆ ಅಳೆಯುವ ಮುಖಕ್ಕೆ ಕುಂಕುಮ ತಾಗಿಸಬಾರದು ಎಂದು ಊರಿಗೆಲ್ಲ ಹೇಳುವವನು, ಇಡೀ ಯಂತ್ರದಲ್ಲಿ ಇದ್ದ ಒಂದೇ ಒಂದು ಅಸಲಿ ಅಳೆಯುವ ಮುಖವನ್ನು ಹುಡುಕಿ ಅದಕ್ಕೇ ಇಟ್ಟಿದ್ದೆ. ಬ್ರೌಸಿಂಗ್ ಸೆಂಟರಿನ ಆ ಪುಟ್ಟ ಗೂಡಿನಲ್ಲಿ ನನ್ನ ಕಿವಿ ಬಿಸಿಯಾದದ್ದು ನನಗೇ ತಿಳಿಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗು ತಡೆಯಲಾರದೆ ಗೋಡೆಗೆ ಒರಗಿದಳು. ಆದರೆ ಒದ್ದೆ ಬಟ್ಟೆ ತಂದಾಗ ಅವಳೇ ಕೈ ಹಿಡಿದಳು. ಪೂಜೆಯ ಕುಂಕುಮ, ಅದೂ ಶುಕ್ರವಾರ, ಒರೆಸುವುದು ಹೇಗೆ? ನನಗೂ ಧೈರ್ಯವಿರಲಿಲ್ಲ. ಯಾವ ಧರ್ಮವನ್ನು ಬಿಡುವುದೆಂದು ತಿಳಿಯದೆ ಇಬ್ಬರೂ ಗಾಜಿನ ಮುಂದೆ ಕೂತಿದ್ದಾಗ ಒಡತಿ ಹಾಲು ತಂದರು. ವಿಷಯ ಕೇಳಿ, ಬಗ್ಗಿ ನೋಡಿದರು.

‘ಅದನ್ಯಾಕ್ ಒರ್ಸ್ತೀಯಾ? ತಗಳ್ಳಾದು ಅಷ್ಟೇ’ ಎಂದರು. ಬೆರಳ ತುದಿಯನ್ನು ಹಾಲಿನ ಚೊಂಬಿನ ಹೊರಗಿನ ಹನಿಗೆ ತಾಗಿಸಿ, ಆ ಕುಂಕುಮವನ್ನು ಮೆಲ್ಲಗೆ ಬಳಿದು ತೆಗೆದು, ತಮ್ಮ ಹಣೆಗೆ ಇಟ್ಟುಕೊಂಡರು. ಉಳಿದದ್ದನ್ನು ನನ್ನ ಹೆಂಡತಿಯ ಹಣೆಗೆ ಇಟ್ಟರು. ಸಂದಿಯಲ್ಲಿ ಸಿಕ್ಕಿದ್ದನ್ನು ಒಂದು ಹತ್ತಿಯ ಬತ್ತಿಯಿಂದ ನಾನು ತೆಗೆದೆ. ಪಟ್ಟಿ ಬೆಳ್ಳಗಾಯಿತು.

ಚೌಕಟ್ಟನ್ನು ಮತ್ತೆ ಕೂರಿಸಿ, ಕಂಬಳಿ ಹೊದಿಸಿ, ಈ ಸಲ ಎಷ್ಟು ಸೂಕ್ಷ್ಮವಾಗಿ ತೆಗೆಯಲು ಸಾಧ್ಯವೋ ಅಷ್ಟು ಸೂಕ್ಷ್ಮವಾಗಿ ತೆಗೆದೆ. ದೀಪ ತೆವಳಿಕೊಂಡು ಹೋಯಿತು. ಗೆರೆ ಇರಲಿಲ್ಲ. ಒಡತಿ ನನ್ನ ಕುರ್ಚಿಯ ಹಿಂದೆ ನಿಂತು ‘ಆ ಚುಕ್ಕೆ ನೋಡು, ಚುಕ್ಕೆ’ ಎಂದರು. ಅವರ ಸಮಾಧಾನಕ್ಕೆಂದು ಮಡಿಲಿನ ಭಾಗವನ್ನು ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ.

ಅದು ಧೂಳಲ್ಲ. ಸೆರಗಿನ ಅಂಚಿನಿಂದ ಹೊರಗೆ ಬಂದಿದ್ದ ಒಂದು ಎಳೆ ಪಾದ. ಐದು ಬೆರಳುಗಳು, ಕಣಕಾಲಿಗೆ ಕಟ್ಟಿದ ಕರಿದಾರ. ಅದರ ಹಿಮ್ಮಡಿಯ ಅಡಿಯಲ್ಲಿ, ಸೀರೆಯ ನೆರಳಿನಲ್ಲಿ, ಆ ಪಾದವನ್ನು ಹಿಡಿದುಕೊಂಡ ತಾಯಿಯ ಬೆರಳುಗಳು. ನನ್ನ ಕುಂಕುಮದ ಗೆರೆ ಕೂತಿದ್ದದ್ದು ಸರಿಯಾಗಿ ಅದರ ಮೇಲೆ. ನಾನು ಭಾನುವಾರವೆಲ್ಲ ಕೂತು ಸೀರೆ ಅಂಟಿಸಿದ್ದೂ ಅದರ ಮೇಲೆಯೇ. ಒಡತಿ ಪರದೆಯನ್ನು ಮುಟ್ಟಲು ಕೈ ಚಾಚಿ, ಮುಟ್ಟಬಹುದೋ ಬಾರದೋ ಎಂದು ನನ್ನನ್ನು ನೋಡಿದರು.

ಸಂಕ್ರಾಂತಿ ಕಳೆದು ಸೂಳಗಿರಿಯ ಗೃಹಪ್ರವೇಶಕ್ಕೆ ನಾವೂ ಹೋದೆವು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಸ ಸುಣ್ಣದ ವಾಸನೆಯ ಮನೆ. ತಂಗಿ ಅಕ್ಕನ ಹಾಗೇ ಇದ್ದರು, ದನಿ ಮಾತ್ರ ಜೋರು. ಹಾಲು ಉಕ್ಕಿಸಿ ಮುಗಿದ ಮೇಲೆ ಒಡತಿ ಹೊಸ ಕಟ್ಟು ಹಾಕಿಸಿದ ಫೋಟೋವನ್ನು ಅವರ ಕೈಗೆ ಕೊಟ್ಟರು. ‘ಅದೇ ಫೋಟೋ ತಾನೆ, ಅಲ್ಲಿಕ್ಕು’ ಎಂದು ತಂಗಿ ಮುಖ ತಿರುಗಿಸಿದರು. ಒಡತಿ ಪಾದದ ಪಕ್ಕ ಬೆರಳಿಟ್ಟರು.

ತಂಗಿ ನೋಡಿದರು. ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದರು. ‘ಹಿಡ್ಕಂಡವ್ಳೆ’ ಎಂದರು. ಆ ಜೋರು ದನಿ ಎಲ್ಲಿ ಹೋಗಿತ್ತೋ. ‘ಅಕ್ಕಾ, ನನ್ನ ಕಾಲು ಹಿಡ್ಕಂಡವ್ಳೆ ಕಣೇ.’ ಆಮೇಲೆ ಥಟ್ಟನೆ ನನ್ನ ಕಡೆ ತಿರುಗಿ, ‘ಇದು ನೀನು ಕಂಪ್ಯೂಟ್ರಾಗೆ ಬರ್ದಿದ್ದಲ್ಲ ತಾನೆ?’ ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು, ಅನುಮಾನವೂ ಇತ್ತು.

‘ಇಲ್ಲಮ್ಮ’ ಎಂದೆ. ‘ನಾನು ಅಳಿಸಿದ್ದೆ. ನಿಮ್ಮಕ್ಕ ಬಿಡಲಿಲ್ಲ.’ ಅಷ್ಟು ಹೊತ್ತಿಗೆ ಅವರು ನನ್ನ ಮಾತು ಕೇಳುತ್ತಿರಲಿಲ್ಲ.

ಫೋಟೋವನ್ನು ನಡುಮನೆಯ ಗೋಡೆಗೆ ಹಾಕಿದರು. ಮನೆಯ ಸೊಸೆ ದಪ್ಪ ಸೇವಂತಿಗೆ ಹಾರ ತಂದು ಏರಿಸಿದಳು. ಹಾರ ಉದ್ದವಿತ್ತು, ಮಡಿಲಿನವರೆಗೆ ಇಳಿದು ಮುಚ್ಚಿತು. ಪಂಕ್ತಿಗೆ ಎಲೆ ಹಾಕಿಸುತ್ತಿದ್ದ ತಂಗಿ ಅಲ್ಲಿಂದಲೇ ಕೂಗಿ ಓಡಿಬಂದರು: ‘ಮುಚ್ಬ್ಯಾಡ ಕಣೇ, ಅಲ್ಲಿ ಮುಚ್ಬ್ಯಾಡ!’ ಹಾರವನ್ನು ಇಳಿಸಿ, ಹಲ್ಲಿನಿಂದ ದಾರ ಕಡಿದು, ಅರ್ಧ ಹೂವನ್ನು ಬಿಡಿಸಿ ಮತ್ತೆ ಗಂಟು ಹಾಕಿದರು. ಗಿಡ್ಡವಾದ ಹಾರವನ್ನು ತಾವೇ ಸ್ಟೂಲು ಹತ್ತಿ ಹಾಕಿ, ಪಾದ ಕಾಣುತ್ತದೆಯೇ ಎಂದು ಕೆಳಗಿಳಿದು ನೋಡಿದರು.